ಉಳಿಯುವ ಭಾಗಕ್ಕೆ ಮೊದಲ ದುಡ್ಡು

ಪ್ಲಸ್ ಟೂ ಫಲಿತಾಂಶ ಬಂದ ಮೇಲೆ ನಮ್ಮ ಸೇಲಂ, ಧರ್ಮಪುರಿ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. "ಅಪ್ಪಾ, ಲ್ಯಾಪ್‌ಟಾಪ್ ಬೇಡ, ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡು." ಕಾಲೇಜಿನ ಓದಿಗೆ ಅಂತ ಬಾಯಲ್ಲಿ ಹೇಳಿದರೂ ಮಕ್ಕಳ ಮನಸ್ಸಿನಲ್ಲಿ ಆಟವೂ ಇರುತ್ತದೆ. ಇರಲಿ, ಅದರಲ್ಲಿ ತಪ್ಪೇನೂ ಇಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ವಿಡಿಯೋ ಆಟಗಳಿಗೂ ಪದಕ ಕೊಟ್ಟರು. ಅದಕ್ಕಿಂತ ಮುಖ್ಯವಾದ ಮಾತು ಇದು: ಆಟಕ್ಕೆ ಒಗ್ಗುವ ಯಂತ್ರ ಇಂಜಿನಿಯರಿಂಗ್ ಚಿತ್ರಕ್ಕೂ ವಿಡಿಯೋ ಕತ್ತರಿಸಿ ಜೋಡಿಸುವುದಕ್ಕೂ ಸೀರೆಯ ಬಾರ್ಡರ್ ಡಿಸೈನ್ ಬಿಡಿಸುವುದಕ್ಕೂ ಒಗ್ಗುತ್ತದೆ.

ಸೀರೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇವತ್ತಿಗೂ ಅಡುಗೆಮನೆಯ ಮಾತು, ಮಗ್ಗದ ಮಾತು. ಆ ಮನೆಗಳ ಹಿರಿಯರಿಗೆ ಜಕಾರ್ಡ್ ಪೆಟ್ಟಿಗೆ ಗೊತ್ತು, ಅದರ ತೂತು ಹೊಡೆದ ರಟ್ಟುಗಳೂ ಗೊತ್ತು. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ರೂಪ ಕೊಟ್ಟ ಆ ರಟ್ಟಿನ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೆಗೆದುಕೊಂಡ. ತೂತು ರಟ್ಟಿನಿಂದಲೇ ಹರ್ಮನ್ ಹಾಲೆರಿತ್ ಅಮೆರಿಕದ 1890ರ ಜನಗಣತಿಯನ್ನು ಎಣಿಸಿದ. ಕಂಪ್ಯೂಟರ್ ನಮ್ಮ ನೇಕಾರರ ಮನೆಗೆ ಹೊರಗಿನಿಂದ ಬಂದ ವಸ್ತು ಎಂದು ನನಗೆ ಅನ್ನಿಸಿದ್ದೇ ಇಲ್ಲ.

ಇನ್ನು ದುಡ್ಡಿನ ವಿಚಾರ. ನಮ್ಮ ಕಡೆ ತಿಂಗಳ ಸಂಬಳದ ಮನೆಗಳು ಕಡಿಮೆ. ಧರ್ಮಪುರಿಯ ಗೂಡಿನ ಮಾರುಕಟ್ಟೆಗೆ ರೇಷ್ಮೆ ಗೂಡು ಹೋದ ವಾರ ಕೈಯಲ್ಲಿ ನೋಟು ಕಾಣುತ್ತದೆ. ಪಾಲಕ್ಕೋಡಿನಲ್ಲಿ ಟೊಮೆಟೊಗೆ ಒಳ್ಳೆ ಬೆಲೆ ಸಿಕ್ಕ ವಾರ ಕಾಣುತ್ತದೆ. ನಡುವೆ ಖಾಲಿ. ಇಂಥ ಮನೆಗೆ ಇಎಂಐ ಮೇಲೆ ತರುವ ಗೇಮಿಂಗ್ ಲ್ಯಾಪ್‌ಟಾಪ್ ಹೊರೆ. ಅದನ್ನು ಒಂದೇ ಸಲ ಪೂರ್ತಿ ಕೊಳ್ಳಬೇಕು, ಆಮೇಲೆ ಅದರ ಗ್ರಾಫಿಕ್ಸ್ ಬದಲಾಯಿಸಲು ಬರುವುದಿಲ್ಲ. ಜೋಡಿಸುವ ಕಂಪ್ಯೂಟರನ್ನು ಎರಡು ಕಂತಿನಲ್ಲಿ, ಬಡ್ಡಿ ಇಲ್ಲದೆ, ಬೆಳೆಸಬಹುದು. ಅದಕ್ಕೆ ಒಂದೇ ನಿಯಮ. ಹತ್ತು ವರ್ಷ ಉಳಿಯುವ ಭಾಗಗಳಿಗೆ ಮೊದಲ ದುಡ್ಡು ಹೋಗಬೇಕು, ಮೂರು ನಾಲ್ಕು ವರ್ಷಕ್ಕೆ ಹಳತಾಗುವ ಭಾಗಗಳಿಗೆ ಆಮೇಲಿನ ದುಡ್ಡು. ನಮ್ಮ ಹುಡುಗರು ಮಾಡುವುದು ಇದಕ್ಕೆ ತಿರುಗಾಮುರುಗಾ. ಗ್ರಾಫಿಕ್ಸ್ ಕಾರ್ಡಿಗೆ ಮುಕ್ಕಾಲು ದುಡ್ಡು ಸುರಿದು, ಉಳಿದ ಚಿಲ್ಲರೆಯಲ್ಲಿ ಯಂತ್ರಕ್ಕೆ ಕರೆಂಟು ಒದಗಿಸುವ ಎಸ್‌ಎಂಪಿಎಸ್, ಕ್ಯಾಬಿನೆಟ್, ಪರದೆ ತರುತ್ತಾರೆ.

ನನ್ನ ಹತ್ತಿರ ಬರುವ ಹುಡುಗರ ಮೊದಲ ಪ್ರಶ್ನೆ ಹೀಗಿರುತ್ತದೆ: "ಅಣ್ಣಾ, ಯಾವ ಕಾರ್ಡ್ ತೊಗೊಳ್ಳಲಿ?" ನಾನು ಕೇಳುವುದು, "ಪರದೆ ಯಾವುದು ತಮ್ಮಾ? ಯಾವ ಆಟ?" ಲೆಕ್ಕ ಪರದೆಯಿಂದ ಶುರುವಾಗಬೇಕು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಮೇಲೆ ಚುಕ್ಕೆಗಳು. 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಪ್ರತಿ ಚುಕ್ಕೆಗೂ ಬಣ್ಣ ಹಚ್ಚುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಚುಕ್ಕೆ ನಾಲ್ಕು ಪಟ್ಟಾದರೆ ಕೆಲಸವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಮನೆಯಲ್ಲಿ ದೊಡ್ಡ 4ಕೆ ಟಿವಿ ಇದೆ, ಅದಕ್ಕೇ ಹಚ್ಚಿಬಿಡೋಣ ಎನ್ನುವವರು ಇದನ್ನು ಯೋಚಿಸಬೇಕು. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕದಿದ್ದರೆ ಬಟನ್ ಒತ್ತಿದ ಮೇಲೆ ಚಿತ್ರ ತಡವಾಗಿ ಅಲುಗುವುದೂ ಉಂಟು. ಕಡಿಮೆ ದುಡ್ಡಿನವರಿಗೆ ಸುಮಾರು 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಪರದೆ ಸಾಕು, ಸೆಕೆಂಡಿಗೆ 100 ಅಥವಾ 144 ಸಲ ಚಿತ್ರ ಬದಲಿಸುವಂಥದ್ದು. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಂತಿರುತ್ತದೆ, 144ರಲ್ಲಿ ಸುಮಾರು 7. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಎರಡೂ ಪುಕ್ಕಟೆ ಆಟಗಳು, ದೊಡ್ಡ ಕಾರ್ಡನ್ನೂ ಕೇಳುವುದಿಲ್ಲ. ಹೊಸ ಹೊಸ ಕಥೆಯ ಆಟಗಳು ಬೇಕೆನ್ನುವವರ ಲೆಕ್ಕ ಬೇರೆ.

ಎಲ್ಲ ಸೇರಿ 70,000 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಪರದೆ, ಯುಪಿಎಸ್, ಕೀಬೋರ್ಡ್, ಮೌಸ್ ಇವಕ್ಕೆ 15,000 ಮೊದಲೇ ಎತ್ತಿಡಿ. ಎಷ್ಟೋ ಜನ ಇದನ್ನು ಮರೆತು ಕೊನೆಗೆ ಸಾಲ ಮಾಡುತ್ತಾರೆ. ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್‌ಗೆ 7,000. ಪ್ರೊಸೆಸರ್, ಮದರ್‌ಬೋರ್ಡ್ ಎರಡಕ್ಕೂ 16,000. ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 12,000. ಉಳಿದ 20,000 ಗ್ರಾಫಿಕ್ಸ್ ಕಾರ್ಡಿಗೆ, ಅದು ಎರಡನೆಯ ಕಂತು. ಇದನ್ನು ಅಂಗಡಿಯ ದರಪಟ್ಟಿ ಎಂದು ತಿಳಿಯಬೇಡಿ, ದುಡ್ಡು ಹಂಚಿಕೊಳ್ಳುವ ಅಂದಾಜು ಅಷ್ಟೇ. ಬೆಲೆ ವಾರವಾರಕ್ಕೂ ಏರಿಳಿಯುತ್ತದೆ. ಅದರಲ್ಲೂ ರ‍್ಯಾಮ್. ಎಐ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ರಾಶಿರಾಶಿಯಾಗಿ ಎತ್ತಿಕೊಳ್ಳತೊಡಗಿದ ಮೇಲೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಿಗಿಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಳೆಯ ವಿಡಿಯೋ ನೋಡಿ ಪಟ್ಟಿ ಬರೆದುಕೊಂಡು ಹೋದರೆ ಅಂಗಡಿಯಲ್ಲಿ ಲೆಕ್ಕ ತಪ್ಪುವುದು ಇಲ್ಲೇ.

ಮೊದಲ ಕಂತಿನಲ್ಲೇ ಯಂತ್ರ ಓಡಬೇಕು. ಒಂದೊಂದೇ ಭಾಗ ತಂದು ಬೀರುವಿನಲ್ಲಿ ಇಟ್ಟು ಕಾಯುವುದು ನಷ್ಟದ ದಾರಿ. ವಾರಂಟಿಯ ದಿನ ಬಿಲ್ಲಿನ ತಾರೀಖಿನಿಂದಲೇ ಓಡುತ್ತದೆ, ಭಾಗ ಕೆಟ್ಟಿದ್ದರೆ ಗೊತ್ತಾಗುವುದು ಆರು ತಿಂಗಳ ಮೇಲೆ. ಆದ್ದರಿಂದ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತರಬೇಕು. ಎಎಂಡಿಯ ರೈಜೆನ್ 5 5600ಜಿ ಅಂಥದ್ದು. ಹೆಸರಿನ ಕೊನೆಯ ಆ 'ಜಿ' ಅಕ್ಷರ ಮುಖ್ಯ. ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ, ಐ3 12100ಎಫ್, ಐ5 12400ಎಫ್ ಹಾಗೆ, ಅವುಗಳಲ್ಲೂ ಇಲ್ಲ. ಸಾವಿರ ಚಿಲ್ಲರೆ ಉಳಿಯುತ್ತದೆಂದು 'ಎಫ್' ತಂದು, ಕಾರ್ಡ್ ಇಲ್ಲದೆ ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಬೋರ್ಡ್ ಸುಟ್ಟಿತೆಂದು ಹೆದರಿ ಓಡಿಬರುವವರಿದ್ದಾರೆ.

5600ಜಿಗೆ ಒಂದು ಕುಂದು ಉಂಟು, ಅದನ್ನೂ ಹೇಳಬೇಕು. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇದ್ದರೆ ಇದರಲ್ಲಿ 16. ಕಾರ್ಡಿನ ದಾರಿಯೂ ಪಿಸಿಐ ಎಕ್ಸ್‌ಪ್ರೆಸ್ 3ನೇ ತಲೆಮಾರಿನದು. ಮುಂದೆ ಕಾರ್ಡ್ ಹಾಕಿದಾಗ ಸ್ವಲ್ಪ ವೇಗ ಬಿಟ್ಟುಕೊಡಬೇಕಾಗುತ್ತದೆ. ಎರಡು ಕಂತಿನ ಅನುಕೂಲಕ್ಕೆ ಆ ನಷ್ಟ ಸಹಿಸಬಹುದು ಎನ್ನುವುದು ನನ್ನ ಅಭಿಪ್ರಾಯ. ಒಂದೇ ಸಲ ಪೂರ್ತಿ ದುಡ್ಡು ಇರುವವರು 5600 ಅಥವಾ 12400ಎಫ್ ತಂದು ಜೊತೆಗೇ ಕಾರ್ಡ್ ಹಾಕಿಕೊಳ್ಳಲಿ. ಒಳಗಿನ ಗ್ರಾಫಿಕ್ಸ್ ನಂಬಿ ಆಡುವವರು ರ‍್ಯಾಮನ್ನು ಜೋಡಿಯಾಗಿಯೇ ಹಾಕಬೇಕು, 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಮೇಲು. ಈ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ತೆಗೆದುಕೊಳ್ಳಬೇಕು. ಕಡ್ಡಿ ಒಂದೇ ಇದ್ದು ದಾರಿಯೂ ಒಂದೇ ಆದರೆ ವೇಗ ಅಲ್ಲೇ ಕುಸಿಯುತ್ತದೆ.

ಇಲ್ಲಿ ನಾನು ಹೇಳಿದ ನಿಯಮಕ್ಕೇ ಒಂದು ತೊಡಕು ಎದುರಾಗುತ್ತದೆ. ಉಳಿಯುವ ಭಾಗಕ್ಕೆ ಮೊದಲ ದುಡ್ಡು ಎಂದ ಮೇಲೆ ಮದರ್‌ಬೋರ್ಡ್ ಹೊಸ ತಲೆಮಾರಿನದೇ ಆಗಬೇಕಲ್ಲವೇ? ಮೇಲಿನ ರೈಜೆನ್‌ಗಳು ಕೂರುವುದು ಎಎಂ4 ಸಾಕೆಟ್ಟಿನಲ್ಲಿ. 2022ರಲ್ಲಿ ಎಎಂ5 ಬಂತು. ಆ ಬೋರ್ಡಿನಲ್ಲಿ 2027ರವರೆಗೂ, ಅದರಾಚೆಗೂ ಹೊಸ ಪ್ರೊಸೆಸರ್ ಕೂರಿಸಬಹುದೆಂದು ಎಎಂಡಿ ಮಾತು ಕೊಟ್ಟಿದೆ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಒಗ್ಗುತ್ತದೆ, ಬೋರ್ಡೂ ದುಬಾರಿ. 70,000ದೊಳಗೆ ಅದನ್ನು ತುರುಕಿದರೆ ಕತ್ತರಿ ಬೀಳುವುದು ಎಸ್‌ಎಂಪಿಎಸ್ ಅಥವಾ ಪರದೆಯ ಮೇಲೆ. ಮನೆಯಲ್ಲಿ ಹಳೆಯ ಡಿಡಿಆರ್4 ರ‍್ಯಾಮ್ ಇದ್ದವರು ಕಣ್ಣುಮುಚ್ಚಿ ಎಎಂ4ಗೆ ಹೋಗಿ. ಇನ್ನೂ ಹದಿನೈದು ಸಾವಿರ ಹೊಂದಿಸಬಲ್ಲವರು ಎಎಂ5 ಬೋರ್ಡಿನ ಮೇಲೆ ರೈಜೆನ್ 5 8600ಜಿ ಇಡಲಿ, ಅದರ ಒಳಗಿನ ಗ್ರಾಫಿಕ್ಸ್ 5600ಜಿಗಿಂತ ಚೆನ್ನಾಗಿದೆ, ಕಾರ್ಡಿಗೆ ಒಂದು ವರ್ಷ ಕಾಯಲು ಕಷ್ಟವಾಗುವುದಿಲ್ಲ.

ಎರಡನೆಯ ಕಂತಿನ ಕಾರ್ಡ್ ಯಾವುದು? ಫುಲ್ ಎಚ್‌ಡಿ ಪರದೆಗೆ 8 ಜಿಬಿ ಮೆಮೊರಿಯ ಕಾರ್ಡ್ ನೋಡಿ. 2021ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6600 ಇವತ್ತಿಗೂ ಈ ದುಡ್ಡಿಗೆ ಒಳ್ಳೆಯದು, 132 ವಾಟ್ ಮಾತ್ರ ತಿನ್ನುತ್ತದೆ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಇನ್ನೂ ಕಡಿಮೆ, 115 ವಾಟ್. ಇವಕ್ಕಿಂತ ದೊಡ್ಡ ಕಾರ್ಡನ್ನು ಸಣ್ಣ ಪ್ರೊಸೆಸರಿನ ಜೊತೆ ಕೂರಿಸುವುದು ದಂಡ. ನೇಯುವವನ ಕೈ ಎಷ್ಟೇ ಚುರುಕಾಗಿದ್ದರೂ ಕಂಡಿಕೆ ಸುತ್ತಿಕೊಡುವವರು ನಿಧಾನವಾದರೆ ಮಗ್ಗ ನಿಲ್ಲುತ್ತದಲ್ಲ, ಇಲ್ಲಿಯೂ ಅದೇ ಆಗುತ್ತದೆ. ಪ್ರತಿ ಚಿತ್ರದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿ ಬಿತ್ತು ಎಂದು ಪ್ರೊಸೆಸರ್ ಲೆಕ್ಕ ಹಾಕಿ ಕೊಟ್ಟ ಮೇಲೆಯೇ ಕಾರ್ಡ್ ಬಣ್ಣ ಹಚ್ಚಬೇಕು.

ಈಗ ಎಸ್‌ಎಂಪಿಎಸ್. ನನಗೆ ಅತಿ ಹೆಚ್ಚು ಕಾಳಜಿ ಇರುವುದು ಇದರ ಮೇಲೆ. ಅಂಗಡಿಯಲ್ಲಿ ಅಗ್ಗದ ಕ್ಯಾಬಿನೆಟ್ ಕೊಂಡರೆ ಒಳಗೇ ಒಂದು ಎಸ್‌ಎಂಪಿಎಸ್ ಬರುತ್ತದೆ, ಮೇಲೆ 450 ಎಂದು ದೊಡ್ಡ ಅಕ್ಷರ. ಅದನ್ನು ಕೈಗೆ ತೆಗೆದುಕೊಂಡು ಪಕ್ಕದ ಸ್ಟಿಕ್ಕರ್ ಓದಿ. ಚಿಕ್ಕ ಅಕ್ಷರದ ಪಟ್ಟಿಯಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂದು ಕಾಲಂಗಳಿರುತ್ತವೆ. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು 12 ವೋಲ್ಟಿನ ಕಾಲಮ್ಮಿನಿಂದ. ಅಲ್ಲಿ 18 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ, 216 ವಾಟ್ ಬಂತು. ಮೇಲಿನ 450 ಬರೀ ಹೆಸರಿಗೆ. ಒಳ್ಳೆಯ ಕಂಪನಿಯ 550 ವಾಟ್ ಬ್ರಾಂಜ್ ಎಸ್‌ಎಂಪಿಎಸ್‌ನಲ್ಲಿ ಅದೇ ಕಾಲಂ 40 ಆಂಪಿಯರ್ ದಾಟಿರುತ್ತದೆ. ಹಾಗೆಯೇ ಇನ್‌ಪುಟ್ ಸಾಲನ್ನೂ ಓದಿ. ಕೆಲವು 200ರಿಂದ 240 ವೋಲ್ಟಿಗೆ ಮಾತ್ರ, ಕೆಲವು 100ರಿಂದ 240ರವರೆಗೂ ತಡೆದುಕೊಳ್ಳುತ್ತವೆ. ಸಂಜೆ ಪಂಪ್‌ಸೆಟ್ ಓಡುವ ಹೊತ್ತಿಗೆ ಟ್ಯೂಬ್‌ಲೈಟ್ ಮಿನುಗುವ ಹಳ್ಳಿಯಲ್ಲಿ ಎರಡನೆಯದೇ ಬೇಕು. ಬ್ರಾಂಜ್, ಗೋಲ್ಡ್ ಎನ್ನುವ ಮುದ್ರೆ ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆ, ಸಿಡಿಲು ಮಿಂಚಿನಿಂದ ಕಾಪಾಡುತ್ತದೆ ಎಂದು ಹೇಳುವುದಿಲ್ಲ. ಮಳೆಗಾಲದಲ್ಲಿ ಗುಡುಗು ಕೇಳಿದರೆ ಪ್ಲಗ್ ಕೀಳುವುದೇ ಉಪಾಯ, ಇಂಟರ್‌ನೆಟ್ ಕೇಬಲ್ಲನ್ನೂ ಕೀಳಬೇಕು.

ಯುಪಿಎಸ್ ವಿಚಾರದಲ್ಲೂ ಅಂಕಿ ಮೋಸ ಮಾಡುತ್ತದೆ. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್ ಅಷ್ಟೇ. ನಾವು ಹೇಳಿದ ಯಂತ್ರ ಆಟದ ಹೊತ್ತಿನಲ್ಲಿ ಪರದೆ ಸೇರಿ ಸುಮಾರು 250 ವಾಟ್ ಎಳೆಯುತ್ತದೆ. 600 ವಿಎ ನಡೆಯುತ್ತದೆ, 1000 ವಿಎ ಇದ್ದರೆ ನೆಮ್ಮದಿ. ಅದು ಕೆಲವೇ ನಿಮಿಷದ ಆಸರೆ, ಆಟ ಸೇವ್ ಮಾಡಿ ಯಂತ್ರ ಆರಿಸುವುದಕ್ಕೆ. ನಮ್ಮ ತಮಿಳುನಾಡಿನಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುತ್ತಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳು ಇನ್ವರ್ಟರ್ ಹಾಕಿಸಿಕೊಂಡವು. ಅದಕ್ಕೇ ಹಚ್ಚಬಹುದೇ ಎಂದು ಕೇಳುತ್ತಾರೆ. ಸೈನ್ ವೇವ್ ಇನ್ವರ್ಟರ್ ಆಗಿದ್ದು, ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿದ್ದರೆ ಹಚ್ಚಬಹುದು. ಕರೆಂಟು ಹೋಗಿ ಇನ್ವರ್ಟರ್ ಎತ್ತಿಕೊಳ್ಳುವ ಆ ಕ್ಷಣವನ್ನು ಎಸ್‌ಎಂಪಿಎಸ್ ತನ್ನಲ್ಲಿ ಉಳಿಸಿಕೊಂಡ ಶಕ್ತಿಯಿಂದ ದಾಟಬೇಕು, ಅದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಮೋಡಿನಲ್ಲಿ ಬದಲಾವಣೆ ಅದಕ್ಕಿಂತ ತಡ, ಫ್ಯಾನ್ ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ಆರಿಹೋಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಚ್ಚಲೇಬೇಡಿ.

ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಎಷ್ಟೋ ಮನೆಗಳಲ್ಲಿ ಇದನ್ನು ಮಾಮೂಲಿ ಎಂದು ಬಿಟ್ಟುಬಿಟ್ಟಿದ್ದಾರೆ. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್‌ನಿಂದ ಕಬ್ಬಿಣದ ಮೈಗೆ ಎರಡು ಚಿಕ್ಕ ಕೆಪಾಸಿಟರ್ ಇರುತ್ತವೆ, ಕರೆಂಟಿನ ಗದ್ದಲ (ನಾಯ್ಸ್) ತಡೆಯುವುದಕ್ಕೆ. ಪ್ಲಗ್ಗಿನ ದಪ್ಪ ಮೂರನೆಯ ಪಿನ್ನು ನಿಜವಾಗಿ ಭೂಮಿಗೆ ಸೇರಿದ್ದರೆ ಅಲ್ಲಿ ಸೋರುವ ಚೂರು ಕರೆಂಟು ಇಳಿದುಹೋಗುತ್ತದೆ. ಸೇರದಿದ್ದರೆ ಕ್ಯಾಬಿನೆಟ್ಟಿನ ಮೈ ಅರ್ಧ ವೋಲ್ಟೇಜಿನಲ್ಲಿ, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಪ್ರಾಣ ತೆಗೆಯುವಷ್ಟು ಕರೆಂಟು ಅದರಲ್ಲಿ ಹರಿಯುವುದಿಲ್ಲ, ಆದರೆ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಕಿಡಿ ಹಾರಿ ಕಾರ್ಡಿನ ಪೋರ್ಟ್ ಹೋಗಬಹುದು. ಎಸ್‌ಎಂಪಿಎಸ್‌ನಲ್ಲಿ ನಿಜವಾದ ಸೋರಿಕೆ ಆದ ದಿನ ಅರ್ಥ್ ಇಲ್ಲದ ಮನೆಯಲ್ಲಿ ಆಗುವುದು ಅನಾಹುತ. ಎಲೆಕ್ಟ್ರೀಷಿಯನ್ ಕರೆಸಿ ಅರ್ಥ್ ಗುಂಡಿ ಹಾಕಿಸಿ. ಸಾಕೆಟ್ಟಿನೊಳಗೆ ನ್ಯೂಟ್ರಲನ್ನೂ ಅರ್ಥನ್ನೂ ಚಿಕ್ಕ ತಂತಿಯಿಂದ ಸೇರಿಸಿ ಆಯಿತು ಎನ್ನುವವರ ಮಾತು ಕೇಳಬೇಡಿ. ಹಾದಿಯಲ್ಲಿ ನ್ಯೂಟ್ರಲ್ ತಂತಿ ಕಡಿದ ದಿನ ಆ ಕಬ್ಬಿಣದ ಮೈಗೆ ಪೂರ್ತಿ ಫೇಸ್ ಬಂದು ಕೂರುತ್ತದೆ. ಕಂಪ್ಯೂಟರಿನ ಬಜೆಟ್ಟಿನಲ್ಲಿ ಈ ಖರ್ಚನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಸೇಲಂನಲ್ಲಿ 40 ಡಿಗ್ರಿ ಮುಟ್ಟುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ ಇನ್ನೂ ಹೆಚ್ಚು. ಪರೀಕ್ಷೆ ಮಾಡಿ ವಿಡಿಯೋ ಹಾಕುವವರು 22 ಡಿಗ್ರಿಯ ಎಸಿ ಕೋಣೆಯಲ್ಲಿ ಕೂತು, ಕಾರ್ಡ್ 68 ಡಿಗ್ರಿ ದಾಟಲಿಲ್ಲ ಎಂದರೆ ನಮ್ಮ ಕೋಣೆಯಲ್ಲಿ ಅದಕ್ಕೆ ಹದಿನೈದು ಇಪ್ಪತ್ತು ಸೇರಿಸಿಕೊಳ್ಳಬೇಕು. ಅನೇಕ ಎನ್ವಿಡಿಯಾ ಕಾರ್ಡ್‌ಗಳು 83 ಡಿಗ್ರಿಯ ಹತ್ತಿರ ತಾವೇ ವೇಗ ಇಳಿಸಿಕೊಳ್ಳುತ್ತವೆ. ದುಡ್ಡು ಕೊಟ್ಟ ವೇಗ ಬಿಸಿಲಿಗೆ ಕರಗಿತು. ಆದ್ದರಿಂದ ಮುಂಭಾಗ ಪೂರ್ತಿ ಗಾಜಿನ ಕ್ಯಾಬಿನೆಟ್ ನಮಗೆ ಬೇಡ. ಮುಂದೆ ಜಾಲರಿ, ಎರಡು ಫ್ಯಾನ್ ಗಾಳಿ ಎಳೆಯುವುದಕ್ಕೆ, ಹಿಂದೆ ಒಂದು ಹೊರಹಾಕುವುದಕ್ಕೆ. ಬಣ್ಣದ ದೀಪದ ದುಡ್ಡನ್ನು ಆ ಫ್ಯಾನಿಗೆ ಹಾಕಿ.

ಮಗ್ಗವೋ ಪವರ್‌ಲೂಮೋ ಇರುವ ಮನೆಯವರು ಇನ್ನೊಂದು ಎಚ್ಚರ ವಹಿಸಬೇಕು. ಗಾಳಿಯಲ್ಲಿ ಹಾರುವ ಹತ್ತಿಯ ನವುರು ಎಳೆ ಸಾಮಾನ್ಯ ದೂಳಿನ ಹಾಗೆ ಉದುರುವುದಿಲ್ಲ. ಹೀಟ್‌ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಾಗಿಬಿಡುತ್ತದೆ. ಫ್ಯಾನ್ ಜೋರಾಗಿ ಕೂಗುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಕಾರ್ಡಿನ ಫ್ಯಾನ್ ಬಿಚ್ಚಿದರೆ ಆ ಪದರ ಒಂದೇ ಹಾಳೆಯಾಗಿ ಎದ್ದು ಬರುವುದನ್ನು ನೋಡಬೇಕು. ತೊಳೆಯಲು ಬರುವ ಜಾಲರಿ ಫಿಲ್ಟರ್ ಇರುವ ಕ್ಯಾಬಿನೆಟ್ ತಂದು, ವಾರಕ್ಕೊಮ್ಮೆ ಅದನ್ನು ಒರೆಸಿದರೆ ಈ ತಾಪತ್ರಯ ಇಲ್ಲ. ರೇಷ್ಮೆ ಸಾಕುವವರು ಹುಳುವಿನ ಮನೆ ತಂಪಾಗಿದೆ ಎಂದು ಕಂಪ್ಯೂಟರನ್ನು ಅಲ್ಲಿ ಇಡಬೇಡಿ. ಹುಳುವಿಗೆ ಬೇಕಾದ ತೇವಾಂಶ ಯಂತ್ರಕ್ಕೆ ಆಗದು. ಬೆಳೆ ಬೆಳೆಗೂ ನಡುವೆ ಸೋಂಕು ತೊಳೆಯಲು ಹಾಕುವ ಬ್ಲೀಚಿಂಗ್ ಪೌಡರಿನ ಆವಿ ಬೋರ್ಡಿನ ತಾಮ್ರವನ್ನೂ ಬೆಸುಗೆಯನ್ನೂ ತಿನ್ನುತ್ತದೆ.

ಎಲ್ಲಿ ಕೊಳ್ಳುವುದು? ಧರ್ಮಪುರಿಯಿಂದ ಬೆಂಗಳೂರು ಸುಮಾರು 130 ಕಿಲೋಮೀಟರ್, ಸೇಲಂನಿಂದ 200. ಓಮಲೂರು, ಧರ್ಮಪುರಿ, ಹೊಸೂರು ಹಾದಿಯ ರೈಲಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿನಲ್ಲಿ ಕನ್ನಡದಲ್ಲೇ ಚೌಕಾಶಿ ಮಾಡಬಹುದು ಎನ್ನುವುದು ನಮ್ಮವರಿಗೆ ದೊಡ್ಡ ಅನುಕೂಲ. ಭಾನುವಾರ ಅಂಗಡಿಗಳು ಬಹುಪಾಲು ಬಾಗಿಲು ಹಾಕಿರುತ್ತವೆ, ವಾರದ ದಿನ ಹೋಗಿ. ಚೆನ್ನೈನ ರಿಚಿ ಸ್ಟ್ರೀಟ್ ಇನ್ನೂ ದೂರ. ಸೇಲಂನ ಅಂಗಡಿಯಲ್ಲಿ ಐನೂರು, ಸಾವಿರ ಹೆಚ್ಚಾದರೂ ಎಸ್‌ಎಂಪಿಎಸ್, ಮದರ್‌ಬೋರ್ಡ್, ಪರದೆ ಅಲ್ಲೇ ತನ್ನಿ ಎನ್ನುತ್ತೇನೆ. ಕೆಟ್ಟರೆ ಹೊತ್ತುಕೊಂಡು ಹೋಗಲು ಹತ್ತಿರ. ಪ್ರೊಸೆಸರ್, ಎಸ್‌ಎಸ್‌ಡಿ ಕೆಡುವುದು ಕಡಿಮೆ, ಅವನ್ನು ಅಗ್ಗವಿದ್ದಲ್ಲಿ ಕೊಳ್ಳಿ. ಎಲ್ಲಿ ಕೊಂಡರೂ ಶೇಕಡಾ 18 ಜಿಎಸ್‌ಟಿ ಸೇರಿದ ಬಿಲ್ಲು, ಅದರ ಮೇಲೆ ಭಾಗದ ಸೀರಿಯಲ್ ನಂಬರು ಇರಲೇಬೇಕು. ಬಿಲ್ಲಿಲ್ಲದೆ ಕೊಡುತ್ತೇನೆ, ಎರಡು ಸಾವಿರ ಕಡಿಮೆ ಎನ್ನುವವರು ಮೂರು ವರ್ಷದ ವಾರಂಟಿಯನ್ನು ಎರಡು ಸಾವಿರಕ್ಕೆ ನಿಮ್ಮಿಂದ ಕೊಂಡುಕೊಂಡ ಹಾಗೆ.

ಹಳೆಯ ಕಾರ್ಡ್ ಕೊಳ್ಳುವವರು ಮೈಮೇಲೆ ಎಚ್ಚರ ಇಟ್ಟುಕೊಳ್ಳಬೇಕು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿ ಬದಲಿಸಿತು, ಕಾರ್ಡ್‌ಗಳಿಂದ ಅದನ್ನು ಅಗೆಯುವ ಕೆಲಸ ನಿಂತಿತು. ಹಗಲು ರಾತ್ರಿ ಓಡಿದ ಆ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಕೆಲವು ಚೆನ್ನಾಗಿಯೇ ಇವೆ, ಕೆಲವುಗಳ ಫ್ಯಾನೂ ಮೆಮೊರಿಯೂ ಸವೆದಿವೆ. ಹಳೆಯ ಕಾರ್ಡಿಗೆ ಹೊಸ ಹೆಸರು ಬರೆದು ಮಾರುವ ಮೋಸವೂ ಉಂಟು. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ಅಂಥ ಎಷ್ಟೋ ನಕಲಿಗಳನ್ನು ಹಿಡಿದು ತೋರಿಸುತ್ತದೆ. ಮಾರುವವರ ಮನೆಯಲ್ಲೇ ಅರ್ಧ ಗಂಟೆ ಆಟ ಓಡಿಸಿ ನೋಡದೆ ದುಡ್ಡು ಎಣಿಸಬೇಡಿ.

ಕೈಯಲ್ಲಿ ಮೂವತ್ತು ಸಾವಿರದ ಸುತ್ತ ಮಾತ್ರ ಇದ್ದರೆ ಬೇರೆ ದಾರಿ ಉಂಟು. ಬೆಂಗಳೂರಿನ ಕಚೇರಿಗಳು ಬಿಟ್ಟುಕೊಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ. ಇಂಟೆಲ್ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರನ್ನು ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಕೇಳುತ್ತದೆ. ವ್ಯಾಲೊರಂಟ್ ಕೂಡ ವಿಂಡೋಸ್ 11ರ ಮೇಲೆ ಟಿಪಿಎಂ ಇಲ್ಲದೆ ಓಡುವುದಿಲ್ಲ. ಈ ಕಚೇರಿ ಯಂತ್ರಗಳ ಎಸ್‌ಎಂಪಿಎಸ್ ಚಿಕ್ಕದು, ಆಕಾರವೂ ಬೇರೆ, ಬದಲಾಯಿಸುವುದು ಕಷ್ಟ. ಆದ್ದರಿಂದ ಬೇರೆ ತಂತಿ ಬೇಡದೆ ಬೋರ್ಡಿನಿಂದಲೇ ಕರೆಂಟು ತೆಗೆದುಕೊಳ್ಳುವ ಕಾರ್ಡ್ ಬೇಕು. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ 70 ವಾಟಿನದು, ಬಹುತೇಕ ಮಾದರಿಗಳು ಇದಕ್ಕೆ ಸರಿಹೊಂದುತ್ತವೆ. ತೆಳು ಕ್ಯಾಬಿನೆಟ್ಟಾದರೆ ಕಾರ್ಡೂ ಅರ್ಧ ಎತ್ತರದ್ದೇ ಆಗಬೇಕು.

ಕರೆಂಟು ಬಿಲ್ಲಿನ ಭಯ ತಾಯಂದಿರಿಗೆ ಹೆಚ್ಚು. ಲೆಕ್ಕ ಹಾಕೋಣ. 250 ವಾಟ್, ದಿನಕ್ಕೆ ಮೂರು ಗಂಟೆ, ಎರಡು ತಿಂಗಳು. ಒಟ್ಟು 45 ಯೂನಿಟ್. ತಮಿಳುನಾಡಿನಲ್ಲಿ 2016ರಲ್ಲಿ ಮನೆಗಳಿಗೆ ಎರಡು ತಿಂಗಳ ಬಿಲ್ಲಿನಲ್ಲಿ ಮೊದಲ 100 ಯೂನಿಟ್ ಉಚಿತ ಮಾಡಿದರು, ಆದರೆ ಅದನ್ನು ಫ್ಯಾನು, ಫ್ರಿಜ್ಜೇ ತಿಂದುಬಿಡುತ್ತವೆ. ಹಾಗಾಗಿ ಈ 45ಕ್ಕೆ ಪೂರ್ತಿ ದರ ತೆರಬೇಕೆಂದೇ ತಿಳಿಯಿರಿ. ಇನ್ನು ಆಟ ಇಳಿಸಿಕೊಳ್ಳುವ ಹೊತ್ತು. 100 ಜಿಬಿಯ ಆಟಕ್ಕೆ 30 ಎಂಬಿಪಿಎಸ್ ಫೈಬರಿನಲ್ಲಿ ಏಳೂವರೆ ಗಂಟೆ ಬೇಕು. ರಾತ್ರಿ ಹಚ್ಚಿ ಮಲಗುವುದು ವಾಡಿಕೆ.

ತಂದೆತಾಯಿಗಳು ಕಾಯಬೇಕಾದ ಜಾಗ ಬೇರೆ ಇದೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರದ 2025ರ ಕಾಯ್ದೆ ನಿಷೇಧಿಸಿದೆ. ಹಾಗಿದ್ದೂ ಮಗನ ಯಂತ್ರಕ್ಕೆ ನಿಮ್ಮ ಬ್ಯಾಂಕ್ ಕಾರ್ಡು, ಯುಪಿಐ ಜೋಡಿಸಿ ಬಿಡಬೇಡಿ. ಉಡುಪು, ಬಂದೂಕಿನ ಬಣ್ಣ ಅಂತ ನೂರು ಇನ್ನೂರರ ಖರ್ಚು ಪುಕ್ಕಟೆ ಆಟದೊಳಗೇ ಕಾದು ಕೂತಿರುತ್ತದೆ.

ಜೋಡಿಸಿ ಆಯಿತು ಎನ್ನೋಣ. ಎಸ್.ಪಿ. ರೋಡಿನಲ್ಲೇ ಜೋಡಿಸಿಕೊಂಡು ಬರುವವರು ತೊಪ್ಪೂರು ಘಾಟಿಯ ತಿರುವುಗಳಲ್ಲಿ ಕ್ಯಾಬಿನೆಟ್ಟನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಡಬ್ಬಿಯಲ್ಲಿ ಮಡಿಲಲ್ಲಿ ಇಟ್ಟುಕೊಳ್ಳಿ. ಕುಲುಕಾಟಕ್ಕೆ ಕಾರ್ಡಿನ ಭಾರ ಬೋರ್ಡಿನ ಸ್ಲಾಟನ್ನೇ ಕಿತ್ತುಹಾಕಬಲ್ಲದು. ಮನೆಯಲ್ಲಿ ಪರದೆಯ ಕೇಬಲ್ಲನ್ನು ಕಾರ್ಡಿನ ಪೋರ್ಟಿಗೇ ಚುಚ್ಚಬೇಕು. ಮೇಲಿರುವ ಬೋರ್ಡಿನ ಪೋರ್ಟಿಗೆ ಚುಚ್ಚಿದರೆ ಇಪ್ಪತ್ತು ಸಾವಿರದ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಬಯೋಸ್‌ಗೆ ಹೋಗಿ ರ‍್ಯಾಮಿನ ಎಕ್ಸ್‌ಎಂಪಿ ಹಾಕಿ, ಇಲ್ಲದಿದ್ದರೆ ಅದು ಬರೆದ ವೇಗದಲ್ಲಿ ಓಡುವುದಿಲ್ಲ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಎಂದಿರುವುದನ್ನು ಪರದೆಗೆ ತಕ್ಕಂತೆ 100 ಅಥವಾ 144 ಮಾಡಿ. ಇದನ್ನು ಮಾಡದೆ ವರ್ಷಗಟ್ಟಲೆ 60ರಲ್ಲೇ ಆಡಿದ ಹುಡುಗರು ಇದ್ದಾರೆ.

ಭಾಗಗಳ ಖಾಲಿ ಡಬ್ಬಿಗಳನ್ನು ಮೂರು ವರ್ಷ ಅಟ್ಟದ ಮೇಲೆ ಇಡಿ, ವಾರಂಟಿಗೆ ಕಳಿಸುವಾಗ ಬೇಕಾಗುತ್ತವೆ. ಕಾಗದದ ಬಿಲ್ಲಿನ ಅಕ್ಷರ ಈ ಬಿಸಿಲಿಗೆ ವರ್ಷದೊಳಗೆ ಮಾಸಿಹೋಗುತ್ತದೆ. ಅಂಗಡಿಯಿಂದ ಹೊರಡುವ ಮೊದಲೇ ಫೋನಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.